ಗುಡ್ಡದಪ್ಪನ ಹೆಸರಿನವರು

ಮೇ ತಿಂಗಳ ಗ್ರಾಮಸಭೆ ನಮ್ಮೂರ ಕನ್ನಡ ಶಾಲೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಸೇರಿತ್ತು. ಸರಕಾರದ ಹೊಸ ಯೋಜನೆಗಾಗಿ ನೀರಿನ ನಳ ಇಲ್ಲದ ಮನೆಗಳ ಯಾದಿಯನ್ನು ಓದಿ ಪಕ್ಕಾ ಮಾಡುವುದು ಆ ದಿನದ ಕೆಲಸ. ಅದರ ಪದ್ಧತಿ ಹೀಗಿತ್ತು. ಪಂಚಾಯತಿಯ ಸರಪಂಚಳಾದ ನಾನು ಮನೆಯ ಯಜಮಾನನ ಹೆಸರನ್ನು ಗಟ್ಟಿಯಾಗಿ ಓದಬೇಕು. ಆ ಮನೆಯವರು ಎದ್ದು ನಿಂತು ನಳ ಇಲ್ಲವೆಂದು ಹೇಳಬೇಕು. ನನ್ನ ಮಗ್ಗುಲಲ್ಲಿ ಕುಳಿತ, ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕ ಆ ಹೆಸರಿನ ಮುಂದೆ ಕೆಂಪು ಪೆನ್ನಿನಿಂದ ಖೂಣ ಹಾಕಬೇಕು. ಖೂಣ ಬಿದ್ದ ಮನೆಗಳು ಮಾತ್ರ ತಾಲೂಕಿನ ಊರಾದ ಜತ್ತದ ಕಚೇರಿಗೆ ಹೋಗುವ ಯಾದಿಯಲ್ಲಿ ಉಳಿಯುತ್ತವೆ. ಗ್ರಾಮಸೇವಕ ಕೃಷ್ಣೆಯ ಆಚೆ ದಂಡೆಯವನು, ಬದಲಿಯಾಗಿ ಹೊಸದಾಗಿ ಬಂದಿದ್ದ. ಮರಾಠಿ ಬಿಟ್ಟು ಬೇರೆ ಮಾತು ತಿಳಿಯದು. ಒಳ್ಳೆಯ ಹುಡುಗನೇ, ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ನಾನು ಓದಿದ ಹೆಸರು ಕಿವಿಗೆ ಬಿದ್ದರೆ ಖೂಣ ಹಾಕುತ್ತಿದ್ದ.

ಯಾದಿಯಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು. ನಮ್ಮೂರ ಗುಡ್ಡದ ಮೇಲಿನ ದೇವರ ಹೆಸರು ಅದು. ಚೊಚ್ಚಲ ಗಂಡು ಹುಟ್ಟಿದರೆ ಆ ಹೆಸರಿಡುವ ವಾಡಿಕೆ ಇರುವುದರಿಂದ ಕುರಿ ಕಾಯುವವರಲ್ಲೂ ಅದೇ, ಒಕ್ಕಲುತನದವರಲ್ಲೂ ಅದೇ, ಅಂಗಡಿಕಾರರಲ್ಲೂ ಅದೇ. ನನ್ನ ಮಾವನ ಹೆಸರೂ ಅದೇ. ಸೊಸೆಯಾದವಳು ಮಾವನ ಹೆಸರು ಹಿಡಿಯಬಾರದು. ನಾನು ಗಂಡನ ಮನೆಗೆ ನಡೆಯಲು ಬಂದ ಮೊದಲ ವಾರದಲ್ಲೇ ಅತ್ತೆ ಒಲೆಯ ಮುಂದೆ ಕೂಡಿಸಿಕೊಂಡು ಹೇಳಿದ್ದರು: “ನೀ ಆ ಹೆಸರ ಹಿಡದ್ರ ಹಿರ್ಯಾರ ಆಯುಷ್ಯ ಸವೀತೈತಿ ನೋಡವಾ. ದೇವರಿಗಿ ಬ್ಯಾರೆ ಹೆಸರಿಟ್ಟ ಕರಿ, ಅಂವಾ ಸಿಟ್ಟಾಗೂದಿಲ್ಲ.” ಅಂದಿನಿಂದ ನನ್ನ ಮನೆದೇವರು ನನಗೆ ಗುಡ್ಡದಪ್ಪ. ಊರೆಲ್ಲ ಸ್ವಂತ ಹೆಸರು ಹಿಡಿದು ಕೂಗುವ ದೇವರನ್ನು ನಾನೊಬ್ಬಳು ಅಡ್ಡ ಹೆಸರಿನಿಂದ ಕರೆಯುತ್ತ ಬಂದೆ. ಕೇಳಿಸಿಕೊಂಡಿದ್ದಾನೆ, ಅದು ಅವನ ದೊಡ್ಡತನ.

ಸಭೆಯಲ್ಲಿ ಆ ಹೆಸರು ಬಂದಾಗಲೆಲ್ಲ ನಾನು ಓದದೆ ಗುಡ್ಡದ ಕಡೆ ತಿರುಗಿ ಕೈ ಮುಗಿದೆ. ಕುಳಿತವರು ನಕ್ಕರು. ಎಲ್ಲರಿಗೂ ತಿಳಿಯಿತು. ಊರೊಳಗಿನ ಆ ಹೆಸರಿನವರ ಮನೆಗಳಲ್ಲಿ ನಳ ಮೊದಲೇ ಇದ್ದವು. ಯಾದಿಯಲ್ಲಿ ಇದ್ದವರು ಮುಕ್ಕಾಲು ಪಾಲು ಊರ ಹೊರಗೆ ಅಸಂಗಿ ದಾರಿಯಲ್ಲಿರುವ ಕುರಿಗಾರರ ವಸ್ತಿಯವರು. ಗಂಡಸರು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದರು. ಅವರ ಪರವಾಗಿ ಹೆಂಡಂದಿರು ಬಂದಿದ್ದರು. ನಾನು ಕೈ ಮುಗಿದರೆ ಅವರು ಎದ್ದು ನಿಂತು ಸೆರಗು ಸರಿಮಾಡಿಕೊಂಡು ಕೂತರು. ಗಂಡನ ಹೆಸರನ್ನು ಅವರಾದರೂ ಹೇಗೆ ಹೇಳಿಯಾರು? ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಗ್ರಾಮಸೇವಕನ ಕಿವಿಗೆ ಏನೂ ಬೀಳಲಿಲ್ಲ.

ಇದು ಯಾರಿಗೂ ಗೊತ್ತಾಗದೆ ಜೂನಿನ ಮಿರಗದ ಮಳೆಯವರೆಗೆ ನಡೆಯಿತು. ಪೈಪಿಗಾಗಿ ನೆಲ ಅಗೆಯುವ ಯಂತ್ರ ಬಂತು, ಊರೊಳಗೆ ಅಗೆಯಿತು, ವಸ್ತಿಗೂ ಹೋಗಿ ಅಗೆಯಿತು. ಕುರಿಗಾರರು ಮರಳಿ ಬಂದು ನೋಡಿದರೆ ದೊಡ್ಡ ಪೈಪು ಅವರ ಅಂಗಳದ ಮುಂದೆ ಹಾದುಹೋಗಿತ್ತು. ಕೆಲವು ಮನೆಗಳಿಗೆ ನಳ, ನಡುನಡುವೆ ಕೆಲವಕ್ಕೆ ಇಲ್ಲ. ಬಿಟ್ಟ ಮನೆಗಳೆಲ್ಲ ಒಂದೇ ಹೆಸರಿನವರವು.

ಅವರು ನಮ್ಮ ಮನೆಗೆ ಬಂದಾಗ ನಾನು ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದೆ. ಮುಂದೆ ಇದ್ದವನು ವಸ್ತಿಯ ಹಿರಿಯ, ಹೆಗಲ ಮೇಲೆ ಕಂಬಳಿ. ಅವನ ಮನೆಯೂ ಬಿಟ್ಟ ಮನೆಗಳಲ್ಲಿ ಒಂದು.

“ಬರ್ರಿ ಕಾಕಾ, ಕುಂದ್ರಿ” ಅಂದೆ.

“ಕುಂದ್ರಾಕ ಬಂದಿಲ್ಲ ಸರಪಂಚಬಾಯಿ. ಪೈಪ ನಮ್ಮ ಬಾಗಲ್ದಾಗಿಂದ ಹಾದು ಹೋಗೈತಿ. ನಮ್ಮನ್ಯಾಗ ನೀರ ಕುಡ್ಯಾವ್ರು ಮನಿಷ್ಯಾರ ಅಲ್ಲೇನು?”

“ನಾ ಬಿಟ್ಟಿಲ್ಲರಿ. ಹಿರ್ಯಾರ ಹೆಸರ ಅಂತ ಕೈ ಮುಗದಿದ್ದೆ…”

“ಕೈ ಮುಗದ್ರ ನೀರ ಬರತೈತೇನವಾ? ನಿಮ್ಮ ಮಾವನ ಮರ್ಯಾದಿ ನಮ್ಮ ಕೊಡಾ ತುಂಬಸ್ತೈತೇನು?”

ಅವನ ಹಿಂದೆ ನಿಂತ ಅವನ ಹೆಂಡತಿ ಮೆಲ್ಲಗೆ ಅಂದಳು: “ನಾನೂ ಅಲ್ಲೇ ಕುಂತಿದ್ನಿ. ನನಗರ ಎಲ್ಲಿ ಬಾಯಿ ಬಂತು?”

“ನಿನಗ ಯಾರೂ ಸರಪಂಚ ಮಾಡಿಲ್ಲ, ಗಪ್ ಇರು” ಅಂದ ಹಿರಿಯ.

ಅವರು ಹೋದ ಮೇಲೆ ಶೇಂಗಾದ ಬುಟ್ಟಿ ಹಾಗೇ ಉಳಿಯಿತು. ಕಟ್ಟೆಯ ಮೇಲೆ ಕುಳಿತಿದ್ದ ಮಾವ ಎಲ್ಲ ಕೇಳಿಸಿಕೊಂಡಿದ್ದರು. ಮದುವೆಯಾದಾಗಿನಿಂದ ನಮ್ಮಿಬ್ಬರಿಗೆ ನೇರ ಮಾತಿಲ್ಲ. ಅತ್ತೆ ಇದ್ದಾಗ ಅವರ ಮೂಲಕ ಮಾತು ಹೋಗಿ ಬರುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ನಾನು ಪಡಸಾಲೆಯ ಕಂಬಕ್ಕೆ ಹೇಳುತ್ತೇನೆ, ‘ಊಟಕ್ಕ ನೀಡೇನಿ’ ಎಂದು. ಮಾವ ಒಳಗೆ ಬರುವ ಮುಂಚೆ ಕೆಮ್ಮುತ್ತಾರೆ, ನಾನು ಸೆರಗು ಹೊದೆಯಲಿ ಎಂದು. ಅವರ ಆ ಕೆಮ್ಮೇ ನನಗೆ ಮಾತು. ನನ್ನವರು ಬೆಳಗ್ಗೆ ಟೆಂಪೋ ತೆಗೆದುಕೊಂಡು ಜತ್ತದ ಬಾಜಾರಕ್ಕೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಮಗಳು ಗಂಡನ ಮನೆಯಲ್ಲಿದ್ದಾಳೆ. ಹಾಗಾಗಿ ದಿನವಿಡೀ ಒಂದು ಕಂಬ, ಒಂದು ಕೆಮ್ಮು.

ಮರುದಿನ ಜತ್ತದ ಬಸ್ಸು ಹಿಡಿದೆ. ಕಿಟಕಿಯ ಮಗ್ಗುಲ ಜಾಗ ಸಿಕ್ಕಿತು, ಗುಡ್ಡದಪ್ಪನ ದಯೆ. ಕಚೇರಿಯಲ್ಲಿ ಗ್ರಾಮಸೇವಕನೂ ಜತೆಗಿದ್ದ. ಮುಖ ಸಣ್ಣ ಮಾಡಿಕೊಂಡಿದ್ದ. ನಿಮ್ಮ ಬಾಯಿಂದ ಬಂದ ಹೆಸರಿಗಷ್ಟೇ ಖೂಣ ಹಾಕಿದೆ, ನನಗೇನು ಗೊತ್ತು ತಾಈ ಎಂದು ಮರಾಠಿಯಲ್ಲಿ ಮೂರ್ನಾಲ್ಕು ಸಲ ಹೇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಲ್ಲಿಯ ಸಾಹೇಬರು ಕಾಗದ ನೋಡಿ ದಾರಿ ಹೇಳಿದರು. ಯಾದಿ ಗ್ರಾಮಸಭೆಯಲ್ಲಿ ಪಕ್ಕಾ ಆದದ್ದು, ಆದ್ದರಿಂದ ಹೊಸ ಹೆಸರು ಸೇರಿಸಬೇಕಾದರೂ ಗ್ರಾಮಸಭೆಯೇ ಒಪ್ಪಿ ಠರಾವು ಮಾಡಬೇಕು. ಸರಪಂಚರ ಅರ್ಜಿ ನಡೆಯುವುದಿಲ್ಲ. ಅದೂ ಯಂತ್ರ ನಮ್ಮೂರಲ್ಲಿ ಇರುವತನಕ. ಕೆಲಸ ಮುಗಿಸಿ ಯಂತ್ರ ವಳಸಂಗದ ಕಡೆ ಹೋಯಿತೆಂದರೆ ಬಿಟ್ಟ ಮನೆಗಳು ಮುಂದಿನ ಯೋಜನೆಯವರೆಗೆ ಕಾಯಬೇಕು. ಮುಂದಿನ ಯೋಜನೆ ಯಾವಾಗ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಕಟ್ಟಿಕೊಂಡು ಹೋದ ರೊಟ್ಟಿ, ಚಟ್ನಿಪುಡಿ ಬಿಚ್ಚಿದೆ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದಂತಾಗಿ ಕಟ್ಟಿಟ್ಟೆ.

ನಾನು ಸಭೆಯ ನೋಟಿಸು ಬರೆಸುವುದರೊಳಗೆ ಇನ್ನೊಂದು ನೋಟಿಸು ನನ್ನ ಹೆಸರಿಗೆ ಬಂತು. ಉಪಸರಪಂಚರು ಸದಸ್ಯರ ಸಹಿ ಮಾಡಿಸಿ ತಹಸೀಲದಾರರಿಗೆ ಅವಿಶ್ವಾಸ ಠರಾವು ಕೊಟ್ಟಿದ್ದರು. ಸರಪಂಚರನ್ನು ಆರಿಸಿದ ಎರಡು ವರ್ಷದ ತನಕ ಹಾಗೆ ಕೊಡಲು ಬರುವುದಿಲ್ಲ. ನನ್ನ ಎರಡು ವರ್ಷ ಆಗಷ್ಟೇ ದಾಟಿದ್ದವು. ಸದಸ್ಯರ ಸಭೆ ಪಂಚಾಯತಿ ಆಫೀಸಿನಲ್ಲಿ ತಹಸೀಲದಾರರ ಮುಂದೆ ನಡೆಯಿತು. ಉಪಸರಪಂಚರು ನನ್ನ ಗಂಡನಿಗೆ ತಮ್ಮನ ಸಾಲಿನವರು, ನನ್ನನ್ನು ವೈನಿ ಅನ್ನುತ್ತಾರೆ.

“ವೈನಿ, ನಿಮ್ಮ ಮ್ಯಾಲ ನಮಗೇನ ಸಿಟ್ಟಿಲ್ರಿ. ನೀವು ಭಾಳ ಚಲೋ ಹೆಣಮಗಳು, ದೇವರಂಥಾವ್ರು. ಆದರ ಅರ್ಧ ಊರಿನ ಹೆಸರ ಹೇಳಾಕ ಬರದವ್ರು ಊರ ಹೆಂಗ ನಡಸ್ತೀರಿ?”

ಒಬ್ಬ ಸದಸ್ಯ ಅಂದ: “ಮನ್ಯಾಗ ಕಂಬದ ಜೋಡಿ ಮಾತಾಡ್ತಾರಂತ. ಇಲ್ಲಿ ಪಂಚಾಯತ್ಯಾಗೂ ಒಂದ ಕಂಬಾ ನೆಡಸೋಣೇನು?”

ಎಲ್ಲರೂ ನಕ್ಕರು. ನನಗೆ ಮಾತಾಡಲು ಹಕ್ಕಿತ್ತು. ತಹಸೀಲದಾರರು ಎರಡು ಸಲ ಕೇಳಿದರು. ನಾನು ಎದ್ದು, ವಸ್ತಿಯ ಮನೆಗಳಿಗೆ ನಳ ಆಗಬೇಕು ಅಂದಷ್ಟೇ ಹೇಳಿ ಕೂತೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಕೈಗಳು ಎದ್ದವು. ಆದರೆ ನಾನು ಸದಸ್ಯರಿಂದ ಆರಿಸಿ ಬಂದವಳಲ್ಲ, ಊರಿನ ಜನರ ಮತದಿಂದ ಬಂದವಳು. ಆದ್ದರಿಂದ ಸದಸ್ಯರು ಬೇಡವೆಂದರೆ ಮುಗಿಯಲಿಲ್ಲ. ಊರಿನ ಮತದಾರರೆಲ್ಲ ವಿಶೇಷ ಗ್ರಾಮಸಭೆಯಲ್ಲಿ ಗುಪ್ತ ಮತ ಹಾಕಿ ಅದನ್ನು ಒಪ್ಪಬೇಕು. ಅಲ್ಲಿಯತನಕ ನಾನೇ ಸರಪಂಚ.

ಆ ನಡುವಿನ ದಿನಗಳು ಕಠಿಣವಾಗಿದ್ದವು. ಮಜ್ಜಿಗೆಗೆ ಬರುತ್ತಿದ್ದ ಮಗ್ಗುಲ ಮನೆಯವಳು ಬರುವುದು ಬಿಟ್ಟಳು. ದಿನಾ ತಂಬಿಗೆ ತುಂಬಿ ಬಾಗಿಲಲ್ಲಿ ಇಡುತ್ತಿದ್ದೆ, ಸಂಜೆ ದನಕ್ಕೆ ಸುರಿಯುತ್ತಿದ್ದೆ. ಉಳಿತಾಯದ ಬಚತ ಗುಂಪಿನ ಹೆಣ್ಣುಮಕ್ಕಳು ನಾನು ಹೋದ ಕೂಡಲೇ ಮಾತು ನಿಲ್ಲಿಸಿ ಸಾರಿಗೆ ಹಾಕುವ ಬೇಳೆಯ ಮಾತು ತೆಗೆಯುತ್ತಿದ್ದರು. ಆಫೀಸಿನಲ್ಲಿ ನಾನು, ತಿರುಗುವ ಫ್ಯಾನು, ಗೋಡೆಯ ಮೇಲಿನ ಫೋಟೋಗಳು.

ನನ್ನವರು ಒಂದು ಸಂಜೆ ಊಟಕ್ಕೆ ಕುಳಿತಾಗ ಹೇಳಿದರು: “ರಾಜೀನಾಮಾ ಕೊಟ್ಟ ಬಿಡು. ಅವರೇ ಆ ಯಾದಿ ಮಾಡ್ಲಿ.”

“ಅವರು ಖುರ್ಚಿ ಮ್ಯಾಲ ಕುಂದ್ರೂದರಾಗ ಯಂತ್ರ ಹೋಗತೈತಲ್ಲರಿ.”

“ಹಂಗಾರ ಆ ಗ್ರಾಮಸೇವಕಗ ಓದಾಕ ಹೇಳು. ನೀ ಯಾಕ ಬಾಯಿ ಕೆಡಸ್ಕೊಂತಿ?”

ಈ ಮಾತು ನನಗೂ ಹೊಳೆದಿತ್ತು. ಅದನ್ನೇ ಹಿಡಿದು ವಸ್ತಿಗೆ ಹೋದೆ. ಸಭೆಗೆ ಬರ್ರಿ, ಗ್ರಾಮಸೇವಕ ಹೆಸರು ಓದುತ್ತಾನೆ, ಠರಾವು ಮಾಡೋಣ ಅಂದೆ. ಹಿರಿಯ ಕುರಿಯ ಕಾಲಿನ ಮುಳ್ಳು ಕೀಳುತ್ತಿದ್ದ. ತಲೆ ಎತ್ತದೆ ಹೇಳಿದ:

“ಬರಂಗಿಲ್ಲ. ಊರ ಮುಂದ ನೀವು ನಮ್ಮ ಹೆಸರ ಬಿಟ್ಟೀರಿ, ಊರ ಮುಂದ ನೀವ ಹೇಳಬೇಕು. ನಿಮ್ಮ ಬಾಯಿಂದ ಬಂದ್ರ ಬರ್ತೀವಿ. ಇಲ್ಲಾಂದ್ರ ಉಪಸರಪಂಚ ಮಾಡಿ ಕೊಡ್ತೀನಿ ಅಂದಾನ, ಅವನ ದಾರಿ ನೋಡ್ತೀವಿ.”

ಅವನ ಹೆಂಡತಿ ನನಗೆ ಒಂದು ಲೋಟ ಕುರಿಹಾಲಿನ ಚಹಾ ಕೊಟ್ಟಳು. ನೀರು ಅವಳು ಟ್ಯಾಂಕರಿನ ಬ್ಯಾರಲ್ಲಿನಿಂದ ಮೊಗೆದದ್ದನ್ನು ನೋಡಿದ್ದೆ. ಬ್ಯಾರಲ್ಲು ತಳ ಕಂಡಿತ್ತು, ಮೊಗೆಯುವಾಗ ತಗಡು ಕೆರೆದ ಸಪ್ಪಳ ಬಂತು. ಆ ಚಹಾ ಕುಡಿದು ಎದ್ದು ಬರುವಾಗ ದಾರಿಯಲ್ಲೇ ನಿರ್ಧಾರ ಆಯಿತು. ಧೈರ್ಯ ಬಂದದ್ದಲ್ಲ. ಆ ತಗಡಿನ ಸಪ್ಪಳ ಕಿವಿಯಿಂದ ಹೋಗಲಿಲ್ಲ, ಅಷ್ಟೇ.

ನೋಟಿಸು ಹಚ್ಚಿಸಿದೆ, ಡಂಗುರ ಹೊಡೆಸಿದೆ. ಗ್ರಾಮಸಭೆಯ ಹಿಂದಿನ ದಿನ ಹೆಂಗಸರ ಸಭೆ ಆಗಲೇಬೇಕೆಂಬ ನಿಯಮ. ಅಂಗನವಾಡಿಯ ಅಕ್ಕೋರು ಒಬ್ಬರೇ ಬಂದು ಸಹಿ ಮಾಡಿ ಹೋದರು. ಮರುದಿನ ಗ್ರಾಮಸಭೆಗೆ ನಾನೇ ಶಾಲೆಯ ಅಂಗಳ ಗುಡಿಸಿ ಜಮಖಾನೆ ಹಾಸಿದೆ. ಒಬ್ಬರೂ ಬರಲಿಲ್ಲ. ಹೋಗಬೇಡಿರೆಂದು ಉಪಸರಪಂಚರು ಓಣಿ ಓಣಿಗೆ ಹೇಳಿ ಬಂದಿದ್ದರು. ವಸ್ತಿಯವರೂ ಬರಲಿಲ್ಲ, ನನ್ನ ಬಾಯಿಯ ಮೇಲೆ ಅವರಿಗೆ ನಂಬಿಗೆ ಇರಲಿಲ್ಲ. ಗ್ರಾಮಸೇವಕ ಗಡಿಯಾರ ನೋಡುತ್ತ ಕುಳಿತ, ನಾನು ಗುಡ್ಡ ನೋಡುತ್ತ ಕುಳಿತೆ. ಬೇವಿನ ಎಲೆ ಜಮಖಾನೆಯ ಮೇಲೆ ಉದುರಿದವು. ಇಷ್ಟು ದೊಡ್ಡ ಜಮಖಾನೆಯ ಮೇಲೆ ಒಬ್ಬಳೇ ಕುಳಿತದ್ದು ಅದೇ ಮೊದಲು. ಕೋರಂ ಆಗಲಿಲ್ಲವೆಂದು ಸಭೆಯನ್ನು ಮುಂದಕ್ಕೆ ಹಾಕಿ ತಹಕೂಬ ಎಂದು ಬರೆಯಲಾಯಿತು.

ಅದರಲ್ಲೇ ಒಂದು ಸಣ್ಣ ದಯೆ ಅಡಗಿತ್ತು. ತಹಕೂಬ ಆದ ಸಭೆಯನ್ನು ಮತ್ತೆ ಕರೆದರೆ ಅದಕ್ಕೆ ಕೋರಂ ಬೇಕಿಲ್ಲ. ಬಂದಷ್ಟು ಜನರಲ್ಲಿ ಠರಾವು ಆಗುತ್ತದೆ. ಗ್ರಾಮಸೇವಕ ಇದನ್ನು ಹೇಳಿದಾಗ ಅವನಿಗೆ ಹೊಟ್ಟೆ ತುಂಬ ಹುರಕ್ಕಿ ಹೋಳಿಗೆ ಮಾಡಿ ಹಾಕಬೇಕೆನಿಸಿತು.

ಆ ಸಭೆಯ ಹಿಂದಿನ ಸಂಜೆ ಮಾವ ಕೆಮ್ಮಿ ಒಳಗೆ ಬಂದರು. ನಾನು ಸೆರಗು ಹೊದ್ದು ಕಂಬಕ್ಕೆ ಮುಖ ಮಾಡಿ ನಿಂತೆ.

“ನಾಳಿ ಸಭಾದಾಗ ಹಿರ್ಯಾರ ಹೆಸರ ಬಾಯಿಗಿ ಬರತೈತಿ. ಬ್ಯಾರೆ ದಾರಿ ಉಳದಿಲ್ಲ. ತಪ್ಪ ತಿಳಕೋಬಾರದು.”

ಮಾವ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಕೈ ನಿಂತಿತು. ಆಮೇಲೆ ಅರ್ಧಕ್ಕೆ ನಿಂತ ಗೆರೆ ಪೂರ್ತಿ ಎಳೆದುಕೊಂಡು ಹೊರಗೆ ಹೋದರು. ಆ ದಿನ ಊಟ ಮಾಡಲಿಲ್ಲ.

ಮರುದಿನ ವಸ್ತಿಯ ಗಂಡಸರು, ಹೆಂಗಸರು ಬಂದು ಜಮಖಾನೆಯ ಒಂದು ಅಂಚಿನಲ್ಲಿ ಕೂತರು. ಊರೊಳಗಿನವರು ದೂರ ಗೋಡೆಗುಂಟ ನಿಂತರು, ನೋಡಲು. ಬೇವಿನ ಕಟ್ಟೆಯ ತುದಿಗೆ ಮಾವ ಬಂದು ಕುಳಿತರು, ಮುಖ ಆ ಕಡೆ. ಉಪಸರಪಂಚರು ನಗುತ್ತ ಅಂದರು: “ಓದ್ರಿ ವೈನಿ, ಊರ ಕೇಳಾಕ ನಿಂತೈತಿ.”

ಮೊದಲ ಮನೆಯೇ ಆ ಹಿರಿಯನದು. ಕಾಗದ ಹಿಡಿದೆ. ಗುಡ್ಡದ ಕಡೆ ನೋಡಿದೆ. ಅಭ್ಯಾಸದಂತೆ ಕೈ ಏಳತೊಡಗಿತು. ಕಾಗದ ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡೆ, ಕೈ ಜೋಡಿಸಲು ಬರದಂತೆ.

ಹೇಳಿದೆ. ಅದನ್ನು ಇಲ್ಲಿ ಬರೆಯಲು ಮಾತ್ರ ಇನ್ನೂ ಕೈ ಬರುತ್ತಿಲ್ಲ.

“ಇದ್ದೀನವಾ” ಅಂದ ಹಿರಿಯ. ಅವನ ದನಿ ಸಣ್ಣದಾಗಿತ್ತು. “ನಳ ಇಲ್ಲ.”

ಕೆಂಪು ಪೆನ್ನಿನ ಸಪ್ಪಳ ಕೇಳಿಸಿತು. ಮುಂದಿನದನ್ನೂ ಅದೇ ಹೆಸರಿನಿಂದ ಓದಿದೆ, ಅದರ ಮುಂದಿನದನ್ನೂ. ನಡುವೆ ಕಟ್ಟೆಯ ಕಡೆ ಊರುಗೋಲಿನ ಸದ್ದಾಯಿತು. ನೋಡಿದರೆ ಮಾವ ಎದ್ದು ಮನೆಯ ಹಾದಿ ಹಿಡಿದಿದ್ದರು. ಓದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರು ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಠರಾವಿಗೆ ಸಹಿ, ಹೆಬ್ಬೆಟ್ಟು ಬಿದ್ದವು. ಗ್ರಾಮಸೇವಕ ಆ ಮಧ್ಯಾಹ್ನದ ಬಸ್ಸಿಗೇ ಅದನ್ನು ಜತ್ತಕ್ಕೆ ಒಯ್ದ.

ಯಂತ್ರ ಹೋಗುವ ಮೊದಲು ವಸ್ತಿಯಲ್ಲಿ ಮತ್ತೆ ಅಗೆತ ಶುರುವಾಯಿತು. ನನ್ನ ಮನೆಯಲ್ಲಿ ಮಾತ್ರ ಕೆಮ್ಮು ನಿಂತಿತು. ಮಾವ ನಾನಿದ್ದಾಗ ಒಳಗೆ ಬರುವುದನ್ನೇ ಬಿಟ್ಟರು. ಮಗ ಬರುವತನಕ ಕಟ್ಟೆಯ ಮೇಲೆ ಇರುತ್ತಿದ್ದರು. ಊಟದ ತಾಟು ಹೊಸ್ತಿಲ ಹೊರಗೆ ಇಟ್ಟು ನಾನು ಹಿಂದೆ ಸರಿದರೆ ತೆಗೆದುಕೊಳ್ಳುತ್ತಿದ್ದರು. ಕಂಬಕ್ಕೆ ಹೇಳಲೂ ನನಗೆ ಮಾತು ಉಳಿಯಲಿಲ್ಲ. ಅವರ ಒಂದೊಂದು ಉಸಿರಿಗೂ ಕಿವಿ ಕೊಡುತ್ತಿದ್ದೆ. ಅತ್ತೆ ಹೇಳಿದ ಆಯುಷ್ಯದ ಮಾತು ಎದೆಯಲ್ಲಿ ಕೂತಿತ್ತು. ದಿನಾ ಬೆಳಗ್ಗೆ ಅವರು ಎದ್ದು ಚೊಂಬಿನ ನೀರು ಮುಖಕ್ಕೆ ಹಾಕಿಕೊಳ್ಳುವ ಸದ್ದು ಕೇಳಿದರೆ, ಇವತ್ತಿನದು ದಾಟಿತು ಎಂದು ಗುಡ್ಡದಪ್ಪನಿಗೆ ಕೈ ಮುಗಿಯುತ್ತಿದ್ದೆ.

ಗುಪ್ತ ಮತದ ದಿನ ಬಂತು. ಜಿಲ್ಲೆಯಿಂದ ಕಳಿಸಿದ ಅಧಿಕಾರಿ ಶಾಲೆಯ ಕೋಣೆಯಲ್ಲಿ ಪೆಟ್ಟಿಗೆ ಇಟ್ಟು ಕುಳಿತರು. ಮಿರಗದ ಮಳೆ ಒಂದು ಸಲ ಬಂದು ಆಮೇಲೆ ತಿರುಗಿ ನೋಡಿರಲಿಲ್ಲ. ಹುಲ್ಲು ಒಣಗಿತ್ತು. ವಸ್ತಿಯವರು ಆ ವಾರವೇ ಕುರಿ ಎಬ್ಬಿಸಿಕೊಂಡು, ಹೆಂಡಿರು ಮಕ್ಕಳನ್ನು ಕರೆದುಕೊಂಡು ಮತ್ತೆ ಹೊಳೆಯ ಕಡೆ ನಡೆದಿದ್ದರು. ಹೋಗುವಾಗ ಹಿರಿಯ ನಮ್ಮ ಬಾಗಿಲಿಗೆ ಬಂದು ನಿಂತಿದ್ದ.

“ವೋಟಿಗಿ ಇರಬೇಕಿತ್ತು ತಂಗಿ. ಕುರಿ ಕೇಳವಲ್ಲವು.”

“ಹೋಗಿ ಬರ್ರಿ ಕಾಕಾ. ಕುರಿ ಬದುಕಬೇಕಲ್ಲ” ಅಂದೆ. ಅಂದದ್ದು ಬಾಯಿಮಾತಲ್ಲ.

ಸಾಲಿನಲ್ಲಿ ಊರೊಳಗಿನವರೇ ತುಂಬಿದ್ದರು. ಮಾವ ಊರುಗೋಲು ಊರುತ್ತ ಬಂದು ಸಾಲು ಹಿಡಿದರು. ಚೀಟಿ ತೆಗೆದುಕೊಂಡು ಪರದೆಯ ಹಿಂದೆ ಹೋದರು, ಬಂದರು, ನನ್ನ ಕಡೆ ನೋಡಲಿಲ್ಲ. ಸಂಜೆಗೆ ಎಣಿಕೆ ಮುಗಿಯಿತು. ಅವಿಶ್ವಾಸ ಪಾಸಾಯಿತು. ಬಹಳ ಅಂತರವಿರಲಿಲ್ಲ ಎಂದು ಗ್ರಾಮಸೇವಕ ಸಮಾಧಾನ ಹೇಳಿದ. ನಾನು ಪಂಚಾಯತಿಯ ಮೊಹರಿನ ಶಿಕ್ಕೆ, ಕೀಲಿ ಒಪ್ಪಿಸಿ ಸಹಿ ಮಾಡಿದೆ. ಉಪಸರಪಂಚರು ಎದ್ದು ನಿಂತು “ವೈನಿ, ಬೇಜಾರ ಆಗಬ್ಯಾಡ್ರಿ” ಅಂದರು. ಅವರ ಹಿಂದೆ ಗುಲಾಲಿನ ತಟ್ಟೆ ಕಾಯುತ್ತಿತ್ತು.

ಮನೆಗೆ ಒಬ್ಬಳೇ ನಡೆದೆ. ಬಾಗಿಲುಗಳಲ್ಲಿ ನಿಂತವರು ಒಳಗೆ ಸರಿದರು. ಕಾಲು ತೊಳೆದು ದೇವರ ಜಗುಲಿಯ ಮುಂದೆ ದೀಪ ಹಚ್ಚಿದೆ. ಬತ್ತಿ ಒಂದೇ ಕಡ್ಡಿಗೆ ಹತ್ತಿತು, ಅಷ್ಟಕ್ಕೂ ಉಪಕಾರ. ವಸ್ತಿಯಲ್ಲಿ ನಳ ಕೂತಿವೆ, ನೀರು ಬಂದಾಗ ಅವರು ಮರಳಿ ಬಂದಿರುತ್ತಾರೆ. ಹೇಳಲು ಅಷ್ಟೇ ಇತ್ತು. ಆದರೆ ಯಾರಿಗೆ ಹೇಳುವುದು? ಊರ ಮುಂದೆ ಅಷ್ಟು ಸಲ ಆಡಿದ ಹೆಸರನ್ನು ದೇವರ ಮುಂದೆ ಒಂದು ಸಲವೂ ಆಡಿರಲಿಲ್ಲವೆಂದು ಆಗ ನೆನಪಾಯಿತು. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಕಣ್ಣು ಮುಚ್ಚಿ ಅವನನ್ನು ಅವನ ಹೆಸರಿನಿಂದಲೇ ಕರೆದೆ.

ಹೊರಗೆ ಕಟ್ಟೆಯ ಮೇಲೆ ಒಂದು ಕೆಮ್ಮು ಕೇಳಿಸಿತು.

“ಏನವಾ?”

ಸೆರಗು ಹೊದ್ದುಕೊಳ್ಳುವುದು ಮರೆತು ಬಾಗಿಲಿಗೆ ಬಂದೆ. ಅವರು ಬೀದಿಯ ಕಡೆ ಮುಖ ಮಾಡಿಯೇ ಕುಳಿತಿದ್ದರು. ಕಂಬ ನನ್ನ ಬಲಕ್ಕಿತ್ತು. ಅದರ ಕಡೆ ತಿರುಗಲಿಲ್ಲ.

“ನಿಮಗಲ್ಲರಿ… ದೇವರಿಗಿ ಅಂದೆ.”

ಅಸಂಗಿ ದಾರಿಯ ಕಡೆಯಿಂದ ಸಂಜೆಯ ಧೂಳು ಏಳುತ್ತಿತ್ತು.

“ಹಂಗಾರ ಅವನ ಜೋಡಿ ಮಾತ ಮುಗಿಸಿ ಬಾ” ಅಂದರು ಮಾವ. “ಆಮ್ಯಾಲ ಒಂದ ಕಪ್ ಚಹಾ ಮಾಡು. ನಿನಗೂ ಮಾಡ್ಕೊ.”